ಸಂಕೋಚದ ಹುಡುಗನ ದನಿ ಅಂದರೆ ಅಳುವ ದನಿ ಅಲ್ಲ

ಕಾರ್ಟೂನ್ ಸರಣಿಯೊಂದರಲ್ಲಿ ಕ್ಲಾಸಿನವರೆಲ್ಲ ಗೋಳು ಹುಯ್ದುಕೊಳ್ಳುವ ಸಂಕೋಚದ ಹುಡುಗನ ಪಾತ್ರಕ್ಕೆ ದನಿ ಕೊಡಬೇಕು, ವಿರಾಜಪೇಟೆಯಿಂದಲೇ ದನಿ ರೆಕಾರ್ಡ್ ಮಾಡಿ ಆಡಿಷನ್ ಫೈಲ್ ಕಳಿಸಬೇಕು, ನಾನೂ ಶಾಲೆಯಲ್ಲಿ ಅದನ್ನೇ ಅನುಭವಿಸಿದವಳು, ಆ ನೋವನ್ನು ದನಿಗೆ ತಂದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ನಾನು ಅದನ್ನೇ ಮಾಡಿ ಪಾತ್ರ ಕಳೆದುಕೊಂಡೆ.

ನಾನು ಶನಿವಾರಸಂತೆ ಕಡೆಯವಳು. ಹೈಸ್ಕೂಲಿಗೆ ಮಡಿಕೇರಿಯ ಹಾಸ್ಟೆಲ್ ಸೇರಿದಾಗ ನಾನು ಬಾಯಿ ಬಿಟ್ಟರೆ ಸಾಕು, ನನ್ನ ಹಾಗೇ ಉಗ್ಗಿ ತೋರಿಸಿ ನಗುತ್ತಿದ್ದರು. ಹಾಗಾಗಿ ಬೆಂಗಳೂರಿನ ಒಂದು ಸ್ಟುಡಿಯೋ ಇಂಥದ್ದೇ ಪಾತ್ರಕ್ಕೆ ಕರೆದಾಗ, ಈ ಹುಡುಗ ನಾನೇ ಅಂದುಕೊಂಡು ರಾತ್ರಿ ಬಸ್ಸು ಹತ್ತಿದೆ. ಕುಶಾಲನಗರ, ಹುಣಸೂರು, ಮೈಸೂರು ದಾಟುವವರೆಗೂ ಹಳೆಯದನ್ನೆಲ್ಲ ಬೇಕಂತಲೇ ನೆನಪು ಮಾಡಿಕೊಂಡೆ. ಮೈಕ್ ಮುಂದೆ ನಿಂತಾಗ ಗಂಟಲು ಕಟ್ಟಿತ್ತು.

ಹೇಳಬೇಕಾದ ಮಾತು ಹೆಚ್ಚುಕಮ್ಮಿ ಹೀಗಿತ್ತು: "ಬ್ಯಾಗ್ ಅವರು ತಗೊಂಡಿಲ್ಲ ಮಿಸ್, ನಾನೇ ಮರೆತು ಬಂದೆ." ನಾನು ಅಳುತ್ತಾ, ಪಿಸುದನಿಯಲ್ಲಿ, ಕೊನೆ ನುಂಗಿ ಹೇಳಿದೆ. ಡೈರೆಕ್ಟರ್ ಕೇಳಿದ್ದು ಒಂದೇ ಮಾತು: "ತಗೊಂಡ್ರಾ, ಇಲ್ವಾ?"

ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನ್ನ ಪಾತ್ರ ಹೋಗಿದ್ದು ಇಲ್ಲೇ. ಕನ್ನಡದಲ್ಲಿ ಮಾತಿನ ಜೀವ ಕೊನೆಯಲ್ಲಿರುತ್ತದೆ. ಯಾರು ಮಾಡಿದರು, ಯಾವಾಗ ಮಾಡಿದರು, ಮಾಡಿದರೋ ಇಲ್ಲವೋ ಎಲ್ಲ ಅಲ್ಲೇ. "ತಗೊಂಡಿಲ್ಲ" ಅನ್ನುವುದರ ಬಾಲ ನುಂಗಿದರೆ ಅರ್ಥವೇ ತಿರುಗಿಬಿಡಬಹುದು. ಸಂಕೋಚ ಅಂದರೆ ದನಿ ಇಳಿಸುವುದು ಅಂದುಕೊಂಡವರೆಲ್ಲ ಮೊದಲು ಇಳಿಸುವುದು ಇದೇ ಕೊನೆಯನ್ನು. ಸಾಲದ್ದಕ್ಕೆ ಪಿಸುದನಿಯನ್ನು ಕೇಳುವ ಹಾಗೆ ಮಾಡಲು ರೆಕಾರ್ಡಿಂಗ್ ಮಟ್ಟ ಏರಿಸಿದರೆ ಕೋಣೆಯ ಗುಂಯ್ ಸದ್ದು, ಬಾಯಿಯ ಚಪ್ಪರಿಕೆ ಎಲ್ಲವೂ ಜೊತೆಗೇ ಏರುತ್ತವೆ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಆ ಹುಡುಗ ಅಲ್ಲಿ ಅಳುವುದೇ ಇಲ್ಲ, ಮುಚ್ಚಿಡುತ್ತಿದ್ದಾನೆ. ಹಾಸ್ಟೆಲಿನಲ್ಲಿ ಮೊಣಕೈ ತರಚಿದ್ದು ನೋಡಿ ವಾರ್ಡನ್ ಕೇಳಿದರೆ "ಏನಿಲ್ಲ ಮೇಡಂ, ಜಾರಿ ಬಿದ್ದೆ" ಅಂತ ನಾನು ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದೆ! ಇನ್ನೊಂದು ಪ್ರಶ್ನೆ ಬರಬಾರದು, ಅಷ್ಟೇ. ಉತ್ತರವನ್ನು ಮನಸ್ಸಿನಲ್ಲೇ ಹೇಳಿ ಹೇಳಿ ತಯಾರಾಗಿರುತ್ತಿದ್ದೆ, ಅದಕ್ಕೇ ಬಾಯಿಂದ ಬರುವಾಗ ಒಂದೇ ಉಸಿರಿಗೆ, ಏರಿಳಿತ ಇಲ್ಲದೆ ಬರುತ್ತಿತ್ತು. ಅಷ್ಟೆಲ್ಲ ಗೊತ್ತಿದ್ದೂ ಮೈಕ್ ಮುಂದೆ ನಾನು ನನ್ನ ಮೇಲೆ ನಾನೇ ಕನಿಕರಪಟ್ಟು ಅತ್ತೆ. ಅಳುವುದು ನೋಡುವವರ ಪಾಲು. ಹುಡುಗನಿಗೆ ಬೇಕಾಗಿದ್ದು ಬೇರೆ: ಮಿಸ್ ಬೇಗ ಅಲ್ಲಿಂದ ಹೋಗಬೇಕು.

ಹಾಗಾಗಿ ನಿಮ್ಮ ನೋವನ್ನು ಹೊತ್ತು ತರಬೇಡಿ. ಆಗ ನೀವು ಏನನ್ನು ಹೇಗೆ ಮುಚ್ಚಿಟ್ಟಿರಿ ಅನ್ನುವುದನ್ನು ತನ್ನಿ. ಮಾತಿಗೆ ಮೊದಲು ಉಸಿರು ಎಳೆದು ಒಂದು ಕ್ಷಣ ತಡೆಯಿರಿ, ಆಮೇಲೆ ಕೊನೆಯ ಅಕ್ಷರದವರೆಗೂ ಹೇಳಿ ಮುಗಿಸಿ.

ಹುಡುಗನ ಪಾತ್ರಕ್ಕೆ ಹೆಂಗಸನ್ನು ತಗೋತಾರಾ ಅನ್ನುವ ಭಯವನ್ನಂತೂ ಬಿಟ್ಟುಬಿಡಿ. ಡೋರೇಮಾನ್ ಕಾರ್ಟೂನಿನ ಹುಡುಗ ನೊಬಿತಾಗೆ ಜಪಾನೀ ಭಾಷೆಯಲ್ಲಿ 1979ರಿಂದ 2005ರವರೆಗೆ ದನಿ ಕೊಟ್ಟವರು ನೊರಿಕೊ ಒಹಾರಾ, ಆಮೇಲೆ ಮೆಗುಮಿ ಒಹಾರಾ. ಇಬ್ಬರೂ ಹೆಂಗಸರೇ. ಹುಡುಗರ ಗಂಟಲು ಸರಣಿಯ ಮಧ್ಯದಲ್ಲೇ ಒಡೆದುಬಿಡುತ್ತದೆ, ನಮ್ಮದು ಹಾಗಾಗಲ್ಲ.

ಇದು ಹೊಸ ಸರಣಿಯಾ, ಡಬ್ಬಿಂಗಾ ಅಂತ ಮೊದಲೇ ಕೇಳಿಕೊಳ್ಳಿ. ಹೊಸದಾದರೆ ಸಾಮಾನ್ಯವಾಗಿ ದನಿ ಮೊದಲು, ಚಿತ್ರ ಆಮೇಲೆ, ನಿಮಗೆ ತಡೆದು ಹೇಳಲು ಜಾಗ ಇರುತ್ತದೆ. ಡಬ್ಬಿಂಗಾದರೆ ಪಾತ್ರದ ಬಾಯಿ ಮುಚ್ಚುವುದರೊಳಗೆ ಮಾತು ಮುಗಿಯಬೇಕು.

ಇನ್ನು ನಮ್ಮ ಊರಿನ ಕಷ್ಟ. ಕಕ್ಕಡದ (ನಮ್ಮ ಕೊಡಗಿನ ಜೋರು ಮಳೆಯ ತಿಂಗಳು) ಮಳೆ ಚಾವಣಿಯ ಶೀಟಿನ ಮೇಲೆ ಹೊಡೆಯುವಾಗ ರೆಕಾರ್ಡ್ ಮಾಡಲೇಬೇಡಿ, ಸಂಜೆಯಾದರೆ ಜೀರುಂಡೆ ಬೇರೆ. ಮಳೆ ಬಿಟ್ಟ ಹೊತ್ತು ನೋಡಿ, ಫ್ರಿಜ್ ಆಫ್ ಮಾಡಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಡಿ. ಫೋನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕಿರಲಿ, ನೇರ ಎದುರಿಗಿದ್ದರೆ ಪ, ಬ ಎಲ್ಲ ಗಾಳಿಯಾಗಿ ಬಡಿಯುತ್ತವೆ. ಬೆಂಗಳೂರಿಗೆ ಹೋಗಿ ಕೋರ್ಸಿಗೆ ದುಡ್ಡು ಕಟ್ಟುವ ಯೋಚನೆ ಈಗ ಬೇಡವೇ ಬೇಡ.

ಮತ್ತೆ, ಫೈಲ್ ಜೊತೆ ನಿಮ್ಮ ಶಾಲೆಯ ಕಥೆ ಬರೆದು ಕಳಿಸಬೇಡಿ. ಹೆಸರು, ಪಾತ್ರ, ಫೋನ್ ನಂಬರ್ ಸಾಕು.