ಹೊಗೆ ಬಿಡುವ ಸ್ಪ್ಲೆಂಡರ್: ಎಂಜಿನ್ ಬಿಚ್ಚಿಸುವ ಮೊದಲು ಚಾಸಿ ನೋಡಿ

ನೀವು ಕೇಳಿದ್ದು ಇಷ್ಟು: ಅಪ್ಪನ 2008ರ ಸ್ಪ್ಲೆಂಡರ್ ಪ್ಲಸ್ ಇದೆ, ಹೊಗೆ ಬಿಡುತ್ತಿದೆ. ಗ್ಯಾರೇಜಿನವರು ಎಂಜಿನ್ ಕೆಲಸಕ್ಕೆ ಹದಿನಾರು ಸಾವಿರ ಹೇಳಿದ್ದಾರೆ, ಗುಜರಿಯವನು ಒಂಬತ್ತು ಸಾವಿರಕ್ಕೆ ಕೇಳಿದ್ದಾನೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡಾಟ. ರಿಪೇರಿ ಮಾಡಿಸುವುದೋ, ಕೊಟ್ಟುಬಿಡುವುದೋ?

ಹದಿನಾರನ್ನೂ ಒಂಬತ್ತನ್ನೂ ತಕ್ಕಡಿಯಲ್ಲಿಟ್ಟು ತೂಗುವುದನ್ನು ಮೊದಲು ಬಿಡಿ. "ಒಂಬತ್ತು ಸಾವಿರದ ಗಾಡಿಗೆ ಹದಿನಾರು ಸಾವಿರ ಸುರಿಯುತ್ತಾರೇನು?" ಎಂದು ಕೇಳುವ ನೆಂಟರು ಎಲ್ಲ ಮನೆಗಳಲ್ಲೂ ಇದ್ದಾರೆ. ಅದು ಮಾರಲು ಹೊರಟವರ ಲೆಕ್ಕ, ಓಡಿಸುವವರದ್ದಲ್ಲ. ಹಳೆಯ ಬೈಕಿನಲ್ಲಿ ಮೊದಲು ನೋಡಬೇಕಾದ್ದು ಚಾಸಿ, ಅಂದರೆ ಗಾಡಿಯನ್ನು ಹೊತ್ತ ಲೋಹದ ಚೌಕಟ್ಟು; ಆಮೇಲೆ ಕಾಗದಪತ್ರ, ಎಂಜಿನ್ ಕಟ್ಟಕಡೆಗೆ. ಎಂಜಿನ್ ಕೆಟ್ಟರೆ ದುಡ್ಡು ಕೊಟ್ಟು ಸರಿಮಾಡಿಸಬಹುದು. ಉಳಿದೆರಡು ಕೆಟ್ಟರೆ ದುಡ್ಡಿದ್ದೂ ಕೈಕಟ್ಟಿ ಕೂರಬೇಕಾಗುತ್ತದೆ.

ಇದನ್ನು ನಾನು ಉಲ್ಟಾ ಮಾಡಿ ಕಲಿತವನು. ನನ್ನ ಸೋದರಮಾವನ ಬಳಿ 1987ರ ಯೆಜ್ಡಿ ರೋಡ್‌ಕಿಂಗ್ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಗಾಡಿ, ಗೇರ್ ಲಿವರನ್ನೇ ತಿರುಗಿಸಿ ಕಿಕ್ಕರ್ ಮಾಡಿಕೊಳ್ಳುವ ವಿಚಿತ್ರ ಅದರದ್ದು. 2012ರಲ್ಲಿ ಮಾವ ಹೋದ ಮೇಲೆ ಅತ್ತೆ "ನೀನೇ ತಗೊಂಡು ಹೋಗು" ಎಂದರು. ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಸಾಮಾನಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿ ಅಂಗಡಿಗಳಲ್ಲೂ ಎರಡು ಶನಿವಾರ ಅಲೆದೆ. ಪಿಸ್ಟನ್ ತಿರುಗಿಸುವ ಒಳದಂಡ ಕ್ರ್ಯಾಂಕ್ ಬಿಚ್ಚಿಸಿ, ಕನೆಕ್ಟಿಂಗ್ ರಾಡ್ ಬದಲಿಸಿ, ಬೋರ್ ಮಾಡಿಸಿ (ಎಂದರೆ ಸವೆದ ಸಿಲಿಂಡರಿನ ಒಳಗನ್ನು ಲೇಥಿನಲ್ಲಿ ಕೊರೆಸಿ) ಹನ್ನೊಂದು ಸಾವಿರ ಕೊಟ್ಟೆ. ಮೊದಲ ಕಿಕ್ಕಿಗೇ ಎಂಜಿನ್ ಹತ್ತಿಕೊಂಡಿತು. ಸದ್ದು ಕೇಳಿ ಕೇರಿಯ ಮಕ್ಕಳೆಲ್ಲ ಓಡಿ ಬಂದರು.

ಆಮೇಲೆ ಬಣ್ಣ ಹೊಡೆಯಲು ಬಿಟ್ಟೆ. ಹಳೆಯ ಬಣ್ಣ ಉಜ್ಜುತ್ತಿದ್ದವನು ನನ್ನನ್ನು ಕರೆದು ತೋರಿಸಿದ: ಸೀಟಿನ ಕೆಳಗೆ ಚಾಸಿಯ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು, ಅದರ ಮೇಲೆ ಯಾವ ಕಾಲದ್ದೋ ವೆಲ್ಡಿಂಗ್ ತೇಪೆ. ಮಾವ ಅದರ ಮೇಲೆ ವರ್ಷಗಟ್ಟಲೆ ಅಡಿಕೆ ಮೂಟೆ ಹೇರಿದ್ದು ಆಗ ನೆನಪಾಯಿತು. ಇದು ಸಾಲದೆಂಬಂತೆ ಆರ್‌ಸಿ 2007ರಲ್ಲೇ ಮುಗಿದಿತ್ತು, ಹೆಸರು ಮಾವನದೇ, ವಾರಸುದಾರರು ನಾಲ್ವರು, ಒಬ್ಬ ಮಸ್ಕತ್‌ನಲ್ಲಿ. ಸಹಿಗಳು ಇವತ್ತಿಗೂ ಕೂಡಿಬಂದಿಲ್ಲ. ಹನ್ನೊಂದು ಸಾವಿರದ ಎಂಜಿನ್ ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಗೋಣಿಚೀಲ ಹೊದ್ದು ಮಲಗಿದೆ.

ಈಗ ನಿಮ್ಮ ಗಾಡಿಗೆ ಬರುತ್ತೇನೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಪಕ್ಕದ ಕವಚಗಳನ್ನು ತೆಗೆದು, ಟಾರ್ಚ್ ಹಿಡಿದು ಕೂತುಕೊಳ್ಳಿ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯ ಕೊಳವೆಗಳನ್ನು ತಟ್ಟುತ್ತಾ ಹೋಗಿ. ಟಣ್ ಎಂದರೆ ಸರಿ. ಡಬ್ ಎಂದರೆ ಅಲ್ಲಿ ತುಕ್ಕು ಒಳಗಿನಿಂದ ತಿಂದಿದೆ. ವಿಶೇಷವಾಗಿ ಮೂರು ಕಡೆ ನೋಡಿ: ಸೆಂಟರ್ ಸ್ಟ್ಯಾಂಡ್ ಕೂರುವ ಜಾಗ, ಹಿಂದಿನ ಚಕ್ರ ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಬೋಲ್ಟ್ ಹಾಯುವ ಜಾಗ, ಬ್ಯಾಟರಿಯ ಕೆಳಭಾಗ. ಹಳೆಯ ಬ್ಯಾಟರಿಯಿಂದ ತೊಟ್ಟಿಕ್ಕಿದ ಆಸಿಡ್ ಅಲ್ಲಿ ಸದ್ದಿಲ್ಲದೆ ಕೆಲಸ ಮಾಡಿರುತ್ತದೆ. ಆಮೇಲೆ ಯಾರನ್ನಾದರೂ ಹಿಂದೆ ಒತ್ತಿ ಹಿಡಿಯಲು ಹೇಳಿ, ಮುಂದಿನ ಫೋರ್ಕನ್ನು ಕೆಳಗೆ ಹಿಡಿದು ಹಿಂದೆ ಮುಂದೆ ಎಳೆಯಿರಿ. ಕಟಕಟ ಎಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಹಿಂದಿನ ಚಕ್ರ ಅಕ್ಕಪಕ್ಕ ಅಲ್ಲಾಡಿದರೆ ಬುಷ್ ಅಥವಾ ಬೇರಿಂಗ್. ಇವೆಲ್ಲ ಸವೆಯುವುದಕ್ಕೆಂದೇ ಇರುವ ಭಾಗಗಳು, ಅಗ್ಗಕ್ಕೆ ಸಿಗುತ್ತವೆ. ಹೆದರಬೇಕಾದ್ದು ಕೊಳೆತ ಕೊಳವೆಗೆ, ಸೊಟ್ಟಗಾದ ಚಾಸಿಗೆ, ಹಳೆಯ ವೆಲ್ಡಿಂಗಿಗೆ. ಅವುಗಳಲ್ಲಿ ಯಾವುದು ಕಂಡರೂ ಮುಂದಿನದನ್ನು ಓದುವ ಅಗತ್ಯವಿಲ್ಲ, ಗಾಡಿ ಬಿಟ್ಟುಬಿಡಿ.

ಹ್ಯಾಂಡಲ್ ಕೆಳಗೆ ಕೊರೆದಿರುವ ಚಾಸಿ ನಂಬರನ್ನೂ ನೋಡಿಕೊಳ್ಳಿ. ನವೀಕರಣಕ್ಕೆ ಹೋದಾಗ ಅದರ ಪೆನ್ಸಿಲ್ ಅಚ್ಚು ಕೇಳುತ್ತಾರೆ. ನಾನು ಈಗ ಓಡಿಸುವುದೂ ಸ್ಪ್ಲೆಂಡರೇ, ಮಲೆನಾಡಿನ ಮಳೆ ತಿಂದ ಗಾಡಿ. ಅಂಕಿಗಳು ಕಾಣಲು ಸೀಮೆಎಣ್ಣೆ ಹಚ್ಚಿ ಒಂದು ಸಂಜೆಯೆಲ್ಲ ಬಟ್ಟೆಯಲ್ಲಿ ಉಜ್ಜಿದ್ದೇನೆ. ಮರಳು ಕಾಗದ ಹಾಕಬೇಡಿ, ತುಕ್ಕಿನ ಜೊತೆ ನಂಬರೂ ಹೋಗುತ್ತದೆ.

ಕಾಗದಪತ್ರದ ವಿಷಯವನ್ನು ನೀವು ಬರೆದೇ ಇಲ್ಲ. ನನಗೆ ಹೊಗೆಗಿಂತ ಹೆಚ್ಚಿನ ಆತಂಕ ಅದರದ್ದೇ. ಸ್ವಂತ ಬಳಕೆಯ ವಾಹನದ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2008ರ ಗಾಡಿ ಎಂದರೆ 2023ಕ್ಕೇ ಅವಧಿ ಮುಗಿದಿದೆ. ಅಪ್ಪ ಆಗಲೇ ಮಾಡಿಸಿದ್ದರೆ ನೀವು ಬಚಾವಾದಿರಿ. ಇಲ್ಲದಿದ್ದರೆ ಬೈಕಿನ ನವೀಕರಣ ಶುಲ್ಕ 1,000 ರೂಪಾಯಿ, ಜೊತೆಗೆ ತಡ ಮಾಡಿದ ಪ್ರತಿ ತಿಂಗಳಿಗೆ 300 ರೂಪಾಯಿ ಎಂದು ಕೇಂದ್ರದ ನಿಯಮದಲ್ಲಿದೆ. ಎರಡು ವರ್ಷ ತಡವಾದರೆ ಅದೇ 7,200 ಆಯಿತು, ಗುಜರಿಯವನು ಹೇಳಿದ ಬೆಲೆಯ ಹತ್ತಿರ ಹತ್ತಿರ. ಇಪ್ಪತ್ತು ವರ್ಷ ದಾಟಿದ ಬೈಕುಗಳಿಗೆ 2025ರ ಆಗಸ್ಟಿನಿಂದ ಶುಲ್ಕ 2,000ಕ್ಕೆ ಏರಿದೆ. ನನ್ನ 2004ರ ಸ್ಪ್ಲೆಂಡರಿಗೆ 2019ರಲ್ಲಿ 300 ಕಟ್ಟಿದ್ದೆ, 2024ರಲ್ಲಿ 1,000. ಮುಂದಿನ ಸಲಕ್ಕೆ ಎರಡು ಸಾವಿರ. ಗಾಡಿಗಿಂತ ಶುಲ್ಕಕ್ಕೇ ಒಳ್ಳೆಯ ಪಿಕಪ್ ಇದೆ.

ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲೇ ಇದ್ದರೆ ಫಾರಂ 31ರಲ್ಲಿ ಅರ್ಜಿ ಹಾಕಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಕೇಳುತ್ತಾರೆ. ಅಮ್ಮ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಒಂದೇ ಊರಿನಲ್ಲಿದ್ದರೆ ಹಬ್ಬಕ್ಕೆ ಸೇರಿದ ದಿನವೇ ಸಹಿ ಮಾಡಿಸಿಬಿಡಿ. ಮೂರನೇ ವ್ಯಕ್ತಿ ವಿಮೆಯೂ ಇರಲೇಬೇಕು. 75ರಿಂದ 150 ಸಿಸಿಯೊಳಗಿನ ಗಾಡಿಗೆ ತೆರಿಗೆ ಬಿಟ್ಟು ವರ್ಷಕ್ಕೆ 714 ರೂಪಾಯಿ. ತೀರಿಕೊಂಡವರ ಹೆಸರಿನ, ಅವಧಿ ಮುಗಿದ, ವಿಮೆಯಿಲ್ಲದ ಗಾಡಿ ಯಾರಿಗಾದರೂ ತಾಗಿತೆಂದರೆ ಹದಿನಾರು ಸಾವಿರದ ಮಾತು ತಮಾಷೆಯಾಗಿ ಕಾಣುತ್ತದೆ.

ಇನ್ನು ಎಂಜಿನ್. ಹೊಗೆ ಎಂದಷ್ಟೇ ಬರೆದಿದ್ದೀರಿ. ಯಾವ ಬಣ್ಣ, ಯಾವ ಹೊತ್ತಿನಲ್ಲಿ? ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚಾಗಿ ಉರಿಯುತ್ತಿದೆ: ಏರ್ ಫಿಲ್ಟರ್, ಕಾರ್ಬುರೇಟರ್ ನೋಡಿಸಿ, ಅದು ನೂರುಗಳ ಕೆಲಸ. ಚಳಿಗಾಲದ ಬೆಳಿಗ್ಗೆ ಬಂದು ಎರಡು ನಿಮಿಷದಲ್ಲಿ ಮಾಯವಾಗುವ ಬಿಳಿ ಹೊಗೆ ಬರೀ ನೀರಾವಿ. ರಾತ್ರಿಯೆಲ್ಲ ನಿಂತ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಒಂದು ಬುಸ್ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ಸಾಮಾನ್ಯವಾಗಿ ವಾಲ್ವ್ ಸೀಲ್ ಗಟ್ಟಿಯಾಗಿದೆ ಎಂದು ಅರ್ಥ, ಸಣ್ಣ ರಬ್ಬರಿನ ಭಾಗ. ಓಡುವಾಗ ಆಕ್ಸಿಲರೇಟರ್ ಕೊಟ್ಟಷ್ಟೂ ನೀಲಿ ಹೊಗೆ ಬಂದರೆ ಮಾತ್ರ ರಿಂಗು, ಪಿಸ್ಟನ್, ಬೋರಿನ ಮಾತು. ಮೆಕ್ಯಾನಿಕ್ ಹೇಳಿದ್ದು ಇದರಲ್ಲಿ ಯಾವುದು ಎಂದು ಕೇಳಿದ್ದೀರಾ? ಐನೂರು ಕಿಲೋಮೀಟರ್ ಓಡಿಸಿ, ಎಣ್ಣೆ ಅಳೆಯುವ ಕಡ್ಡಿ ತೆಗೆದು ಎಷ್ಟು ಇಳಿದಿದೆ ನೋಡಿ. ಆ ಎಂಜಿನ್ ಹಿಡಿಯುವುದೇ ಲೀಟರಿಗೂ ಕಡಿಮೆ ಎಣ್ಣೆ, ನೋಡದೆ ಓಡಿಸಿದರೆ ಕೆಡುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ನನ್ನ ಸ್ಪ್ಲೆಂಡರ್ 2021ರಲ್ಲಿ ಒಂದು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರಿಗೆ ಹೊಗೆ ಬಿಡತೊಡಗಿತು. ಬೋರ್ ಮಾಡಿಸಿ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್, ರಿಂಗ್, ವಾಲ್ವ್ ಸೀಲ್, ಟೈಮಿಂಗ್ ಚೈನ್, ಕ್ಲಚ್ ಪ್ಲೇಟ್, ಕೂಲಿ ಎಲ್ಲ ಸೇರಿ 7,850 ರೂಪಾಯಿ ಎಂದು ನನ್ನ ಪುಸ್ತಕದಲ್ಲಿದೆ. ಬೆಲೆಗಳು ಏರಿವೆ, ನಿಜ. ಆದರೂ ಹದಿನಾರು ಎಂದರೆ ಅದರಲ್ಲಿ ಕ್ರ್ಯಾಂಕ್ ಸೇರಿರಬೇಕು, ಅಥವಾ ಬಣ್ಣ, ಸೀಟು ಕವರ್ ಎಂದು ಏನೇನೋ ತುಂಬಿರಬೇಕು. ಎಂಜಿನ್ ಒಳಗಿನಿಂದ ಭಾರವಾದ ಟಕ್ ಟಕ್ ಶಬ್ದವಿದ್ದರೆ ಕ್ರ್ಯಾಂಕಿನ ಮಾತು ಒಪ್ಪುತ್ತೇನೆ. ಇಲ್ಲದಿದ್ದರೆ ಯಾವ ಭಾಗಕ್ಕೆ ಎಷ್ಟು ಎಂದು ಚೀಟಿ ಬರೆಸಿಕೊಂಡು ಇನ್ನೊಂದು ಗ್ಯಾರೇಜಿಗೆ ತೋರಿಸಿ. ನಿಮ್ಮ ಅದೃಷ್ಟಕ್ಕೆ ಇದು 1994ರಿಂದ ಊರೂರಿನಲ್ಲಿ ಓಡುತ್ತಿರುವ ಗಾಡಿ. ಹೀರೊ, ಹೋಂಡಾ ಬೇರೆಯಾಗಿ ವರ್ಷಗಳೇ ಕಳೆದರೂ ಇದರ ಸಾಮಾನು ಸಿಗದ ತಾಲ್ಲೂಕು ಪೇಟೆಯನ್ನು ನಾನು ನೋಡಿಲ್ಲ. ಯೆಜ್ಡಿಗೆ ಪಟ್ಟ ಪಾಡು ನಿಮಗಿಲ್ಲ. ಕೆಲಸ ಮಾಡಿಸುವಾಗ ಪೆಟ್ರೋಲ್ ಪೈಪ್, ಕಾರ್ಬುರೇಟರಿನ ರಬ್ಬರ್ ರಿಂಗುಗಳನ್ನೂ ಹೊಸದು ಹಾಕಿಸಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ ಇಪ್ಪತ್ತರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. 2008ರ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ.

ಹೊಸ ಗಾಡಿ ಮೈಲೇಜಿನಲ್ಲೇ ದುಡ್ಡು ಉಳಿಸುತ್ತದೆ ಎಂದು ಶೋರೂಮಿನಲ್ಲಿ ಹೇಳುತ್ತಾರೆ. ಲೆಕ್ಕ ಹಾಕಿ. ತಿಂಗಳಿಗೆ 26 ದಿನ ಹಿಡಿದರೆ ನಿಮ್ಮ ಓಡಾಟ 520 ಕಿಲೋಮೀಟರ್. ಹಳೆಯದು ಲೀಟರಿಗೆ 50, ಹೊಸದು 65 ಕೊಟ್ಟರೆ ಉಳಿಯುವುದು 2.4 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೂ ತಿಂಗಳಿಗೆ 250 ರೂಪಾಯಿ ಆಗುವುದಿಲ್ಲ. ಸಾಲದ ಕಂತು ಅದರ ಹತ್ತು ಪಟ್ಟು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲೂ ಈ ಲೆಕ್ಕ ತಲೆಕೆಳಗಾಗುವುದಿಲ್ಲ.

ಹೊಸದು ಕೊಳ್ಳಲು ನಾನು ಒಪ್ಪುವ ಕಾರಣಗಳು ಬೇರೆ. ಒಂದು, ಬ್ರೇಕು. 2019ರ ಏಪ್ರಿಲಿನಿಂದ ಸಣ್ಣ ಬೈಕುಗಳಿಗೂ ಎರಡು ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಹಿಡಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ನಮ್ಮ ಹಳೆಯ ಗಾಡಿಯಲ್ಲಿ ಅದಿಲ್ಲ, ಹೆಡ್‌ಲೈಟ್ ಕೂಡ ಮಿಣುಕು ದೀಪ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ರಾತ್ರಿ ಹೋಗುವವರಿಗೆ ನಾನು ಹಳೆಯದನ್ನು ಹೇಳುವುದಿಲ್ಲ; ನನ್ನ ಮಗಳನ್ನೂ ಕತ್ತಲಾದ ಮೇಲೆ ಅದರಲ್ಲಿ ಕರೆದೊಯ್ಯುವುದಿಲ್ಲ. ಎರಡು, ಗಾಡಿ ಕೈಕೊಟ್ಟರೆ ನಿಮಗೆ ಬೇರೆ ದಾರಿ ಇದೆಯೇ ಎಂಬುದು. ನಾನು ಶರಾವತಿ ಹಿನ್ನೀರಿನ ಆಚೆಯ ಶಾಲೆಯಲ್ಲಿ ಮೇಷ್ಟ್ರು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅಲ್ಲೇ ಯಾರದ್ದಾದರೂ ಮನೆಯ ಜಗಲಿಯಲ್ಲಿ ಮಲಗಬೇಕಿತ್ತು. ಹೊಗೆ ಬಿಡುತ್ತಿದ್ದ ವರ್ಷ ಎರಡು ಸಲ ಹಾಗೆ ಮಲಗಿದೆ. ಬೋರ್ ಮಾಡಿಸಿದ ಮೇಲೆ ಒಮ್ಮೆಯೂ ಇಲ್ಲ. ನಿಮ್ಮ ದಾರಿಯಲ್ಲಿ ಬಸ್ಸಿದ್ದರೆ ಇದು ದೊಡ್ಡ ವಿಷಯವಲ್ಲ.

ಅಪ್ಪನ ಗಾಡಿ ಎನ್ನುವುದನ್ನು ಮರೆತುಬಿಡಿ ಎಂದು ಹೇಳಲಾರೆ. ಆದರೆ ನೆನಪಿಗಾಗಿ ಇಟ್ಟುಕೊಳ್ಳುವ ಗಾಡಿ ಓಡಲೇಬೇಕೆಂದಿಲ್ಲ, ಅದಕ್ಕೆ ಹದಿನಾರು ಸಾವಿರದ ಎಂಜಿನ್ ಕೆಲಸವೂ ಬೇಡ. ಓಡಿಸುವುದಕ್ಕೆಂದು ಇಟ್ಟುಕೊಳ್ಳುವುದಾದರೆ ಚಾಸಿ ಗಟ್ಟಿಯಿರಲಿ, ಕಾಗದ ಸರಿಯಿರಲಿ. ಎರಡೂ ಇದ್ದರೆ ನಾನಾಗಿದ್ದರೆ ರಿಪೇರಿ ಮಾಡಿಸುತ್ತಿದ್ದೆ. ಕೊಡುವುದೇ ಎಂದಾದರೆ ಗುಜರಿಯವನಿಗೆ ನಂಬರ್ ಪ್ಲೇಟ್ ಸಮೇತ ಹಾಗೇ ತಳ್ಳಿಕೊಡಬೇಡಿ. ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಆರ್‌ಟಿಓ ಕಚೇರಿಯಲ್ಲಿ ನೋಂದಣಿ ರದ್ದು ಮಾಡಿಸಿ. ಅಪ್ಪನ ಹೆಸರಿನ ಗಾಡಿ ಎಲ್ಲೋ ಯಾರದ್ದೋ ಕೈಯಲ್ಲಿ ಓಡುತ್ತಿರುವುದು ಬೇಡ.

ರಿಪೇರಿಗೆ ಬಿಟ್ಟರೆ, ಬಿಚ್ಚಿದ ಹಳೆಯ ಭಾಗಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಕೊಡಬೇಕೆಂದು ಮೊದಲೇ ಹೇಳಿ. ಲೇಥಿಗೆ ಕಳಿಸುವ ಮೊದಲು ಸಿಲಿಂಡರಿನ ಒಳಗೆ ನೀವೇ ಉಗುರು ಆಡಿಸಿ ನೋಡಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಬೋರ್ ಬೇಕು. ನುಣ್ಣಗೆ ಜಾರಿದರೆ ಬೋರಿನ ದುಡ್ಡು ಏಕೆಂದು ಅಲ್ಲಿಯೇ ನಿಂತು ಕೇಳಿ.