ಪ್ರತಿಕ್ರಿಯೆ: 68 ಮಕ್ಕಳ ಶಾಲೆಗೆ ಇಬ್ಬರೇ ಶಿಕ್ಷಕರು, ಸೋರುವ ಸೂರು

ನಿಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಸೂರು ಸೋರುತ್ತಿದೆ, 68 ಮಕ್ಕಳಿಗೆ ಇಬ್ಬರೇ ಶಿಕ್ಷಕರಿದ್ದಾರೆ, ಯಾರನ್ನು ಕೇಳಬೇಕು ಎಂದಿದ್ದೀರಿ.

ಮೊದಲು ಎಸ್‌ಡಿಎಂಸಿಯನ್ನು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನೇ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದು ಅದರದೇ ಹೊಣೆ. ಅದೇ ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದನೆಯ ತರಗತಿವರೆಗಿನ ಶಾಲೆಯಲ್ಲಿ 61ರಿಂದ 90 ಮಕ್ಕಳಿದ್ದರೆ ಮೂವರು ಶಿಕ್ಷಕರು ಬೇಕು. ಆದ್ದರಿಂದ ನೀವು ಕೇಳುತ್ತಿರುವುದು ಉಪಕಾರವನ್ನಲ್ಲ, ಕಾನೂನು ಕೊಟ್ಟಿರುವುದನ್ನು.

ಶಿಕ್ಷಕರ ಸಂಬಳ ಮುಖ್ಯವಾಗಿ ರಾಜ್ಯದ ಬೊಕ್ಕಸದಿಂದ ಬರುತ್ತದೆ. ಕೇಂದ್ರ ಮತ್ತು ರಾಜ್ಯಗಳು 60:40ರ ಅನುಪಾತದಲ್ಲಿ ಭರಿಸುವ ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ ಅನುದಾನವಿದೆ. ಸೀಮೆಸುಣ್ಣ, ಕರೆಂಟು ಬಿಲ್ಲು, ಶೌಚಾಲಯದ ಸ್ವಚ್ಛತೆ ಎಲ್ಲವೂ ಅದರಲ್ಲೇ ಆಗಬೇಕಾದ್ದರಿಂದ ಸೂರಿನ ದುರಸ್ತಿಗೆ ಅದು ಸಾಲದು. ದುರಸ್ತಿಗೆ ಎಸ್‌ಡಿಎಂಸಿ ಠರಾವು ಮಾಡಿ, ಫೋಟೋಗಳ ಸಮೇತ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ.

ಕಲಿಕೆಯ ಮಟ್ಟವನ್ನು ನೀವೇ ನೋಡಬಹುದು: ಮೂರನೆಯ ತರಗತಿಯ ಮಗುವಿನ ಕೈಗೆ ಎರಡನೆಯ ತರಗತಿಯ ಪುಸ್ತಕ ಕೊಟ್ಟು ಓದಿಸಿ. ಓದು ತಡವರಿಸಿದರೆ ಶಿಕ್ಷಕರನ್ನು ದೂರುವ ಮುನ್ನ ತರಗತಿಯೊಳಗೆ ಒಂದು ದಿನ ಕುಳಿತು ನೋಡಿ. ನಾನು ಕಂಡ ಒಂದು ಶಾಲೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಕಾರ್ಡುಗಳು ಮಳೆನೀರಿಗೆ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವು. ಶಿಕ್ಷಕಿ ಅವನ್ನು ಒಂದೊಂದಾಗಿ ಬಿಡಿಸಿ ಕಿಟಕಿಯ ಬಳಿ ಒಣಗಿಸುತ್ತಲೇ ಪಾಠ ಮಾಡುತ್ತಿದ್ದರು.