ಹೊಳೆ ತುಂಬಿದಾಗಲೇ ನಲ್ಲಿ ಕೆಂಪಾಗುವುದೇಕೆ?

ಶಿವಮೊಗ್ಗದ ವಿನೋಬನಗರದಿಂದ ಓದುಗರೊಬ್ಬರು ಬರೆದಿದ್ದಾರೆ: “ಕೋರ್ಪಲಯ್ಯನ ಮಂಟಪ ಮುಳುಗುವಷ್ಟು ತುಂಗೆ ತುಂಬಿದ ವಾರವೇ ನಮ್ಮ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ, ಬಂದದ್ದೂ ಕಾಫಿ ಬಣ್ಣ. ಹೊಳೆ ತುಂಬ ನೀರಿದ್ದೂ ಹೀಗೇಕೆ? ಆ ನೀರನ್ನು ಸಂಪಿಗೆ ಬಿಡಬಹುದೆ? ಬ್ಲೀಚಿಂಗ್ ಪೌಡರ್ ಒಂದು ಚಮಚ ಸಾಕು ಎನ್ನುವವರೂ ಇದ್ದಾರೆ, ಒಂದು ಮುಷ್ಟಿ ಎನ್ನುವವರೂ ಇದ್ದಾರೆ. ಮಗ ಆರ್‌ಒ ಹಾಕಿಸೋಣ ಎಂದು ಹಟ ಹಿಡಿದಿದ್ದಾನೆ. 24 ಗಂಟೆ ನೀರು ಬಿಟ್ಟರೆ ಜನ ಇನ್ನಷ್ಟು ಪೋಲು ಮಾಡುವುದಿಲ್ಲವೆ?”

ಮಾನ್ಯರೇ,

ಮೊದಲು ನೀರಿನ ಲೆಕ್ಕ ನೋಡೋಣ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಹಿಡಿಯುವುದು 3.24 ಟಿಎಂಸಿ. ಹೋಲಿಕೆಗೆ, ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿ ಹಿಡಿಯುತ್ತದೆ. ಆದರೂ 2011ರ ಜನಗಣತಿಯಲ್ಲಿದ್ದ ನಗರದ 3.22 ಲಕ್ಷ ಜನರಿಗೆ ತಲೆಗೆ ದಿನಕ್ಕೆ 135 ಲೀಟರ್‌ನಂತೆ ಕೊಟ್ಟರೆ ದಿನಕ್ಕೆ ಬೇಕಾಗುವುದು ಸುಮಾರು 4.35 ಕೋಟಿ ಲೀಟರ್. ವರ್ಷಕ್ಕೆ ಅದು 0.56 ಟಿಎಂಸಿ. ಊರು ಆಮೇಲೆ ಬೆಳೆದದ್ದು, ದಾರಿಯಲ್ಲಿ ಸೋರುವುದು ಎಲ್ಲ ಸೇರಿಸಿ ಒಂದು ಟಿಎಂಸಿ ಎಂದೇ ಹಿಡಿಯಿರಿ. ಬೇಸಿಗೆಯಲ್ಲಿ ನಾಲೆಗಳೂ ಪಾಲು ಕೇಳುವುದರಿಂದ ಆಗಿನ ಮಾತು ಬೇರೆ. ಜುಲೈನಲ್ಲಿ ಮಾತ್ರ ನೀರಿನ ಕೊರತೆ ಎಂಬ ಮಾತೇ ಇಲ್ಲ. ಆಗ ಕೊರತೆಯಾಗುವುದು ತಿಳಿ ನೀರಿಗೆ.

ಶಿವಮೊಗ್ಗದಲ್ಲಿ ಬಿಸಿಲಿದ್ದರೂ ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ ಕಡೆ ಮಳೆ ಹೊಡೆದರೆ ಗುಡ್ಡದ ಮಣ್ಣು, ತೋಟದ ಮಣ್ಣು, ರಸ್ತೆ ಅಗೆದ ಮಣ್ಣು ಎಲ್ಲ ಹೊಳೆಗೆ ಬಂದು ಕೆನ್ನೀರಾಗುತ್ತದೆ. ಅದು ಜಾಕ್‌ವೆಲ್‌ನಿಂದ, ಅಂದರೆ ಹೊಳೆಯ ನೀರೆತ್ತುವ ಬಾವಿಯಿಂದ, ಶುದ್ಧೀಕರಣ ಘಟಕಕ್ಕೆ ಏರಿದ ಮೇಲೆ ಆಲಂ, ಅಂದರೆ ಪಟಿಕ, ಬೆರೆಸುತ್ತಾರೆ. ಮಣ್ಣಿನ ಅತಿ ಸಣ್ಣ ಕಣಗಳು ತಾವಾಗಿ ತಳ ಸೇರುವುದಿಲ್ಲ. ಪಟಿಕ ಅವನ್ನು ಒಂದಕ್ಕೊಂದು ಅಂಟಿಸಿ ಹಿಂಜಿದ ಅರಳೆಯಂಥ ಗಂಟು ಕಟ್ಟಿಸುತ್ತದೆ. ಗಂಟು ತಳಕ್ಕಿಳಿದ ಮೇಲೆ ಮೇಲಿನ ನೀರು ಮರಳಿನ ಫಿಲ್ಟರ್‌ಗೆ ಹೋಗುತ್ತದೆ, ಕೊನೆಗೆ ಕ್ಲೋರಿನ್.

ಮಲೆನಾಡಿನ ನೀರಿನ ತೊಡಕು ಇರುವುದು ಈ ಪಟಿಕದ ಹಂತದಲ್ಲೇ. ಮಳೆಗಾಲದ ತುಂಗೆ ಬಹುಪಾಲು ಮಳೆನೀರೇ, ಬಲು ಮೆದು. ಒಂದು ಮಿಲಿಗ್ರಾಂ ಪಟಿಕ ನೀರಿನ ಕ್ಷಾರಗುಣವನ್ನು ಸುಮಾರು ಅರ್ಧ ಮಿಲಿಗ್ರಾಂನಷ್ಟು ತಿಂದುಹಾಕುತ್ತದೆ. ಬಗ್ಗಡ ಹೆಚ್ಚಿದೆಯೆಂದು ಲೀಟರಿಗೆ 60 ಮಿಲಿಗ್ರಾಂ ಸುರಿದರೆ 30 ಮಿಲಿಗ್ರಾಂ ಕ್ಷಾರ ಹೋಯಿತು. ಹೊಳೆಯಲ್ಲಿ ಇರುವುದೇ ಅಷ್ಟಾದರೆ ನೀರು ಹುಳಿಗೆ ತಿರುಗುತ್ತದೆ, ಗಂಟು ಕಟ್ಟುವುದಿಲ್ಲ, ಬಗ್ಗಡ ಹಾಗೇ ಉಳಿಯುತ್ತದೆ. ಅದರ ಜೊತೆಗೆ ಅಲ್ಯೂಮಿನಿಯಂ ನೀರಿನಲ್ಲೇ ಕರಗಿ ನಲ್ಲಿವರೆಗೆ ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಅಲ್ಯೂಮಿನಿಯಂ ಲೀಟರಿಗೆ 0.03 ಮಿಲಿಗ್ರಾಂ ಮೀರಬಾರದು, ಬೇರೆ ದಾರಿ ಇಲ್ಲದಿದ್ದರೆ 0.2ರವರೆಗೆ. ಬಗ್ಗಡದ ಮಿತಿ 1 ಎನ್‌ಟಿಯು (ಬಗ್ಗಡ ಅಳೆಯುವ ಮಾನ), ದಾರಿ ಇಲ್ಲದಿದ್ದರೆ 5. ಹಾಗಾಗಿ ಪಟಿಕದ ಜೊತೆ ಸುಣ್ಣದ ಹಾಲನ್ನೂ ಹಾಕಬೇಕು. ಎಷ್ಟೆಂದು ತಿಳಿಯಲು ಒಂದೊಂದು ಲೀಟರಿನ ಆರು ಗಾಜಿನ ಪಾತ್ರೆಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ, ಒಂದು ನಿಮಿಷ ಜೋರಾಗಿ, ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಕಲಕಿ, ಅರ್ಧ ಗಂಟೆ ಬಿಟ್ಟು ನೋಡುವ ಜಾರ್ ಟೆಸ್ಟ್ ಇದೆ. ಹೊಳೆಯ ಬಣ್ಣ ಬೆಳಿಗ್ಗೆ ಒಂದು, ಸಂಜೆ ಒಂದು ಇರುವ ವಾರದಲ್ಲಿ ದಿನಕ್ಕೊಮ್ಮೆ ಈ ಪರೀಕ್ಷೆ ಮಾಡಿದರೆ ಸಾಲದು. ನಮ್ಮ ಅಭಿಪ್ರಾಯದಲ್ಲಿ ಮಳೆಗಾಲದ ನೀರಿನ ಹಣೆಬರಹ ಬರೆಯುವುದು ಈ ಆರು ಪಾತ್ರೆಗಳೇ.

ಇಷ್ಟಾದರೂ ಫಿಲ್ಟರ್‌ಗೆ ಹೋಗುವ ಕೆಸರು ಮಾಮೂಲಿಗಿಂತ ಹೆಚ್ಚು. ಮರಳಿನ ಫಿಲ್ಟರ್ ಚದರ ಮೀಟರಿಗೆ ನಿಮಿಷಕ್ಕೆ 80ರಿಂದ 100 ಲೀಟರ್ ಸೋಸುವ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಉಳಿದ ಕಾಲದಲ್ಲಿ ಒಂದು ದಿನ, ಅದಕ್ಕೂ ಹೆಚ್ಚು ಓಡುವ ಫಿಲ್ಟರ್ ಕೆನ್ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಆಗ ಅದನ್ನು ನಿಲ್ಲಿಸಿ, ಶುದ್ಧ ನೀರನ್ನೇ ಕೆಳಗಿನಿಂದ ಮೇಲಕ್ಕೆ ನುಗ್ಗಿಸಿ ತೊಳೆಯಬೇಕು. ತೊಳೆಯಲು ಸಮಯ ಹೋಯಿತು, ಶುದ್ಧ ನೀರೂ ಹೋಯಿತು. ಇದರ ಮೇಲೆ ಗಾಳಿಮಳೆಗೆ ಕರೆಂಟ್ ಹೋಗಿ ಬಂದರೆ ಪಂಪು ನಿಂತು ಹೊರಟಾಗಿನ ಹೊಡೆತಕ್ಕೆ ಹಳೇ ಪೈಪ್ ಒಡೆಯುವುದೂ ಉಂಟು. ಘಟಕದವರ ಮುಂದೆ ಆಗ ಎರಡೇ ದಾರಿ: ಕಡಿಮೆ ನೀರನ್ನು ಸರಿಯಾಗಿ ಸೋಸಿ ಬಿಡುವುದು, ಇಲ್ಲವೇ ಅರ್ಧಂಬರ್ಧ ಸೋಸಿ ಎಂದಿನಷ್ಟು ಬಿಡುವುದು. ಮೊದಲನೆಯದೇ ಸರಿ. ನೀರು ಕಡಿಮೆ ಬಿಟ್ಟರೆ ಅವರನ್ನು ಬೈಯಬೇಡಿ, ಬಗ್ಗಡ ಬಿಟ್ಟರೆ ಬಿಡದೆ ಬೈಯಿರಿ.

ಆದರೆ ನಿಮ್ಮ ಕಾಫಿ ಬಣ್ಣ ಘಟಕದಿಂದಲೇ ಬಂದದ್ದೆಂದು ಹೇಳಲಾಗದು. ನೀರು ಬಂದ ಕೂಡಲೇ ಒಂದು ಗಾಜಿನ ಬಾಟಲಿ, ಹತ್ತು ನಿಮಿಷದ ಮೇಲೆ ಇನ್ನೊಂದು ತುಂಬಿಡಿ. ಎರಡೂ ಒಂದೇ ಬಣ್ಣವಿದ್ದು, ರಾತ್ರಿಯಿಡೀ ಇಟ್ಟರೂ ತಿಳಿಯಾಗದಿದ್ದರೆ ಅದು ಘಟಕದ ಬಗ್ಗಡ. ಮೊದಲನೆಯದು ಮಾತ್ರ ಕೊಳಕಾಗಿದ್ದರೆ ತಪ್ಪು ನಿಮ್ಮ ಬೀದಿಯ ಪೈಪಿನದು. ತಳದಲ್ಲಿ ಕಂದು ಚಕ್ಕೆ ಕಂಡರೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಕ್ಕು. ಚರಂಡಿ ವಾಸನೆ ಬಂದರೆ ಆ ದಿನ ನೀರನ್ನು ಮುಟ್ಟಲೇಬೇಡಿ. ಹಳೇ ಬೀದಿಗಳಲ್ಲಿ ಮನೆಯ ಸಂಪರ್ಕದ ಅರ್ಧ ಇಂಚಿನ ಪೈಪ್ ಚರಂಡಿಯೊಳಗೇ ಹಾದಿರುತ್ತದೆ. ನೀರು ನಿಂತಾಗ ಪೈಪ್ ಬರಿದಾಗಿ ಒಳಗೆ ಎಳೆತ ಹುಟ್ಟುತ್ತದೆ, ತುಕ್ಕು ಹಿಡಿದ ತೂತಿನಿಂದ ಚರಂಡಿ ನೀರು ಒಳಬರುತ್ತದೆ. ನಲ್ಲಿಗೆ ನೇರವಾಗಿ ಮೋಟಾರ್ ಕೂರಿಸುವವರು ಈ ಎಳೆತವನ್ನು ಹತ್ತು ಪಟ್ಟು ಮಾಡುತ್ತಾರೆ, ಕುಡಿಯುವುದು ಅಕ್ಕಪಕ್ಕದವರೂ ಸೇರಿ. ಪ್ಲಂಬರ್ ಕರೆಸಿ ಚರಂಡಿ ದಾಟುವ ಭಾಗವನ್ನಾದರೂ ಜೋಡಣೆಯಿಲ್ಲದ ಒಂದೇ ತುಂಡು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿಗೆ ಬದಲಿಸಿ. ಫಿಲ್ಟರ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಖರ್ಚು ಇದು.

ಈಗ ಸಂಪು. ಬಗ್ಗಡವನ್ನು ಅದಕ್ಕೆ ಬಿಡಲೇಬೇಡಿ. ಸಂಪಿಗೆ ಹೋಗುವ ಪೈಪಿಗೆ ಒಂದು ಟಿ, ಎರಡು ಬಾಲ್ ವಾಲ್ವ್ ಹಾಕಿಸಿದರೆ ಮೊದಲ ಹತ್ತು ನಿಮಿಷದ ನೀರನ್ನು ಗಿಡಗಳಿಗೆ, ಅಂಗಳಕ್ಕೆ ತಿರುಗಿಸಬಹುದು. ತಿಳಿಯಾದ ಮೇಲೆ ಸಂಪಿನ ವಾಲ್ವ್ ತೆರೆಯಿರಿ. ಆಗಲೇ ಬಗ್ಗಡ ತುಂಬಿಹೋಗಿದ್ದರೆ ಸಂಪಿಗೆ ಪಟಿಕ ಸುರಿಯಬೇಡಿ. ಕೆಸರು ತಳದಲ್ಲಿ ಕೂರುತ್ತದೆ, ಮೋಟಾರ್ ಅದನ್ನೇ ಎಳೆದು ಮೇಲಿನ ಟ್ಯಾಂಕಿಗೆ ಸೇರಿಸುತ್ತದೆ. ಮೋಟಾರ್ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ತಳದಿಂದ ಆರು ಇಂಚಾದರೂ ಮೇಲಿರಲಿ. ಆ ನೀರನ್ನು ಕಕ್ಕಸು, ಅಂಗಳಕ್ಕೆ ಬಳಸಿ ಮುಗಿಸಿ, ತಳ ತೊಳೆಯಿರಿ.

ತೊಳೆಯುವಾಗ ಮೋಟಾರಿನ ಎಂಸಿಬಿ ಇಳಿಸಿ, ಮುಚ್ಚಳ ತೆರೆದು ಒಂದು ಗಂಟೆ ಗಾಳಿಯಾಡಲು ಬಿಡಿ. ಒಬ್ಬರೇ ಇಳಿಯಬಾರದು, ಮೇಲೊಬ್ಬರು ನಿಂತಿರಬೇಕು. ಹತ್ತು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಗೋಡೆ, ತಳ ಉಜ್ಜಿ, ಅರ್ಧ ಗಂಟೆ ಬಿಟ್ಟು ತೊಳೆದು ಹೊರಹಾಕಿ. ಉಜ್ಜುವವರು ಆ ಅರ್ಧ ಗಂಟೆ ಒಳಗೆ ಇರಕೂಡದು. ಆ್ಯಸಿಡ್ ಜೊತೆ ಸೇರಿಸಿದರೆ ವಿಷಾನಿಲ ಏಳುತ್ತದೆ, ಸಂಪಿನೊಳಗೆ ಅದು ಪ್ರಾಣಕ್ಕೇ ಎರವು.

ಚಮಚ, ಮುಷ್ಟಿ ಎರಡೂ ಬೇಡ. ಸಂಪಿನ ಉದ್ದ, ಅಗಲ, ನೀರಿನ ಆಳವನ್ನು ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳವೆಂದರೆ ಸುಮಾರು 4,250 ಲೀಟರ್. ತಿಳಿ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಸಾಕು, ಅಂದರೆ ನಿಮ್ಮ ಸಂಪು ಇಷ್ಟೇ ದೊಡ್ಡದಿದ್ದರೆ 10ರಿಂದ 11 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಾಗದವಿಟ್ಟು ತೂಗಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸುರಿದು, ತಳದ ಸುಣ್ಣ ಚೆಲ್ಲಿ. ಸಂಪು ತುಂಬುತ್ತಿರುವಾಗಲೇ ಹಾಕಿದರೆ ಚೆನ್ನಾಗಿ ಬೆರೆಯುತ್ತದೆ. ಒಂದು ಗಂಟೆ ಕಳೆಯುವವರೆಗೆ ಮೋಟಾರ್ ಹಾಕಬೇಡಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಪೌಡರ್ ಹೊಸದಿದ್ದಾಗ ಅದರಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ತೆರೆದಿಟ್ಟ ಚೀಲ ಕೆಲವೇ ವಾರಗಳಲ್ಲಿ ಗಂಟು ಕಟ್ಟಿ ಸತ್ವ ಕಳೆದುಕೊಳ್ಳುತ್ತದೆ. ಘಾಟು ಇಲ್ಲದ ಪೌಡರ್ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಚಿಕ್ಕ ಪೊಟ್ಟಣ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಇನ್ನೊಂದು, ಬಗ್ಗಡ ನೀರಿಗೆ ಕ್ಲೋರಿನ್ ಹಾಕುವುದು. ಕೆಸರೇ ಕ್ಲೋರಿನ್ ತಿಂದುಬಿಡುತ್ತದೆ, ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಬದುಕಿಕೊಳ್ಳುತ್ತವೆ. ಮೊದಲು ತಿಳಿ ಮಾಡಬೇಕು, ಕ್ಲೋರಿನ್ ಆಮೇಲೆ. ನಲ್ಲಿ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ನಿಯಮ. ಪರೀಕ್ಷೆಯ ಚಿಕ್ಕ ಕಿಟ್‌ನಲ್ಲಿ ನೀರು ಬಣ್ಣ ತಿರುಗಿ ಅಷ್ಟು ತೋರಿದರೆ ನೀವು ಬೇರೆ ಹಾಕಬೇಕಿಲ್ಲ.

ಬಗ್ಗಡ ಬಿಟ್ಟು ಬೇರೆ ನೀರೇ ಸಿಗದ ದಿನ ಕುಡಿಯುವಷ್ಟನ್ನು ಮನೆಯಲ್ಲೇ ತಿಳಿ ಮಾಡಿಕೊಳ್ಳಬಹುದು. ಹತ್ತು ಗ್ರಾಂ ಪಟಿಕವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಡಿ, ಮೇಲೆ ಹೆಸರು ಬರೆಯಿರಿ. 20 ಲೀಟರ್ ನೀರಿಗೆ ಅದರಲ್ಲಿ 100 ಮಿಲಿಲೀಟರ್ ಹಾಕಿ, ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ಮೆಲ್ಲಗೆ ಕಲಕಿ, ಎರಡು ಗಂಟೆ ಅಲುಗಿಸದೆ ಬಿಡಿ. ಗಂಟು ಕಟ್ಟದಿದ್ದರೆ ಕಾರಣ ಮೇಲೆ ಹೇಳಿದ್ದೇ, ನೀರಿನ ಮೆದುತನ. ಎಲೆ-ಅಡಿಕೆಗೆ ಇಟ್ಟ ಶುದ್ಧ ಸುಣ್ಣವನ್ನು ಕದಡಿ, ಮೇಲಿನ ತಿಳಿ ಅರ್ಧ ಲೋಟ ಸೇರಿಸಿ ಮತ್ತೆ ಕಲಕಿ. ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ನುಗ್ಗೆ ಬೀಜ, ಚಿಲ್ಲದ ಬೀಜವೂ ನೀರನ್ನು ತಿಳಿ ಮಾಡುತ್ತವೆ. ಆದರೆ ಆ ನೀರನ್ನು ಅಂದೇ ಮುಗಿಸಬೇಕು, ಇಟ್ಟರೆ ವಾಸನೆ.

ಮಗನಿಗೆ ಹೇಳಿ, ಆರ್‌ಒ ಕೆಲಸ ಉಪ್ಪಿನಂಶ ತೆಗೆಯುವುದು. ತುಂಗೆಯ ನೀರಿನಲ್ಲಿ ತೆಗೆಯಬೇಕಾದಷ್ಟು ಉಪ್ಪೇ ಇಲ್ಲ. ಕುಡಿಯುವ ಒಂದು ಲೀಟರಿಗೆ ಎರಡು ಮೂರು ಲೀಟರ್ ಮೋರಿಗೆ ಹೋಗುತ್ತದೆ, ಕೆನ್ನೀರಿಗೆ ಕ್ಯಾಂಡಲ್ ಕಟ್ಟಿಕೊಳ್ಳುತ್ತದೆ. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾಂಶ, ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆಯಿರುವಲ್ಲಿ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಐದು ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಅದನ್ನು ದಾಟಿದ ನೀರಿಗೆ ಯುವಿ (ರೋಗಾಣು ಕೊಲ್ಲುವ ನೇರಳಾತೀತ ದೀಪ) ಸಾಕು. ಯುವಿಗೂ ನೀರು ತಿಳಿಯಿರಲೇಬೇಕು. ನಿಮ್ಮದು ಬೋರ್‌ವೆಲ್ ನೀರಾದರೆ ಟಿಡಿಎಸ್ ಪರೀಕ್ಷೆ ಮಾಡಿಸಿ ಆಮೇಲೆ ನಿರ್ಧರಿಸಿ.

24 ಗಂಟೆ ನೀರಿನಿಂದ ಪೋಲು ಹೆಚ್ಚುತ್ತದೆಂಬ ನಿಮ್ಮ ಆತಂಕ ಮೀಟರ್ ಇಲ್ಲದ ಕಡೆ ನಿಜವಾಗಬಹುದು. ಈಗಿನ ಪದ್ಧತಿಯ ಪೋಲು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ: ಹೊಸ ನೀರು ಬಂದಿತೆಂದು ಹಂಡೆಯಲ್ಲಿದ್ದ ಹಳೇ ನೀರು ಚೆಲ್ಲುವುದು, ರಾತ್ರಿ ಬರುವ ನೀರಿಗೆಂದು ನಲ್ಲಿ ತೆರೆದಿಟ್ಟು ಮಲಗುವುದು, ಫ್ಲೋಟ್ ವಾಲ್ವ್ ಕೆಟ್ಟ ಸಂಪು ರಸ್ತೆಗೆ ತುಂಬಿ ಹರಿಯುವುದು. ನಮಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಒತ್ತಡ. ಪೈಪಿನಲ್ಲಿ ಸದಾ ಒತ್ತಡವಿದ್ದರೆ ತೂತಿನಿಂದ ನೀರು ಹೊರಗೆ ಹೋಗುತ್ತದೆಯೇ ಹೊರತು ಚರಂಡಿ ಒಳಗೆ ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಬಗೆಯ ಬಡಾವಣೆಗಳ ನಲ್ಲಿ ನೀರನ್ನು ಹೋಲಿಸಿದಾಗ, ಮಲದಿಂದ ಬರುವ ಬ್ಯಾಕ್ಟೀರಿಯಾ ನಿರಂತರ ನೀರಿನ ಕಡೆ ತೀರಾ ವಿರಳ, ಬಿಟ್ಟು ಬಿಟ್ಟು ಬರುವ ಕಡೆ ಬಹಳ ಹೆಚ್ಚು ಕಂಡಿತ್ತು. ನಿಮ್ಮ ಮನೆಯ ಸೋರಿಕೆ ತಿಳಿಯಲು, ನಿರಂತರ ನೀರಿದ್ದರೆ ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ, ಬೆಳಿಗ್ಗೆ ಮತ್ತೆ ನೋಡಿ. ಮುಳ್ಳು ಸರಿದಿದ್ದರೆ ಮೊದಲು ಫ್ಲಶ್ ಟ್ಯಾಂಕಿಗೆ ಅರಿಶಿನ ಕದಡಿ ಅರ್ಧ ಗಂಟೆ ಕಾಯಿರಿ. ಕಕ್ಕಸಿನ ಬೇಸಿನ್‌ನಲ್ಲಿ ಹಳದಿ ಇಳಿದರೆ ಅಲ್ಲಿನ ವಾಷರ್ ಹೋಗಿದೆ.

ನೀವು ಕೇಳದ ಒಂದು ಮಾತು. ತಲೆಗೆ 135 ಲೀಟರ್ ಎಂಬ ಲೆಕ್ಕದಲ್ಲಿ ಕುಡಿಯಲು 5, ಅಡುಗೆಗೆ 5. ಕಕ್ಕಸಿಗೆ 30, ಬಟ್ಟೆಗೆ 20, ಮನೆ ಒರೆಸಲು 10, ಅಂದರೆ ನಾಲ್ವರ ಮನೆಯಲ್ಲಿ ಈ ಮೂರಕ್ಕೇ ದಿನಕ್ಕೆ 240 ಲೀಟರ್. ಸಾವಿರ ಚದರಡಿ ಸೂರಿನ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸೋರಿ ಆರಿ ಹೋದದ್ದು ಕಳೆದು 1,500 ಲೀಟರ್ ಸಿಗುತ್ತದೆ, ಆರು ದಿನಕ್ಕೆ ಸಾಕು. ನಲ್ಲಿ ಕೆಂಪಾಗುವ ವಾರವೇ ಈ ನೀರು ಸೂರಿನಿಂದ ಪುಕ್ಕಟೆ ಸುರಿಯುತ್ತಿರುತ್ತದೆ, ಸೋಪೂ ಕಡಿಮೆ ಸಾಕು. ಸೂರಿನಂಚಿನ ದೋಣಿ, ಇಳಿಪೈಪು, ಬಲೆ, ಬಿಡುವು ಕೊಟ್ಟು ಬಂದ ಮಳೆಯ ಮೊದಲ 150–200 ಲೀಟರ್ ಹೊರಬಿಡಲು ಒಂದು ವಾಲ್ವ್, ಪ್ರತ್ಯೇಕ ಟ್ಯಾಂಕ್ ಇಷ್ಟಿದ್ದರಾಯಿತು. ಕುಡಿಯುವ ಸಂಪಿಗೆ ಮಾತ್ರ ಇದನ್ನು ಸೇರಿಸಬೇಡಿ.

ದೂರು ಕೊಡುವಾಗ “ನೀರು ಕೊಳಕು” ಎಂದಷ್ಟೇ ಬರೆದರೆ ವಾಲ್‌ಮನ್ ಬಂದು ನೋಡುವಷ್ಟರಲ್ಲಿ ನೀರು ತಿಳಿಯಾಗಿರುತ್ತದೆ. ನೀರು ಬಂದ ಗಂಟೆ, ಬಣ್ಣ ಎಷ್ಟು ನಿಮಿಷ ಇತ್ತು, ವಾಸನೆ ಇತ್ತೋ ಇಲ್ಲವೋ, ಅಕ್ಕಪಕ್ಕ ಎಷ್ಟು ಮನೆಗಳಲ್ಲಿ ಹೀಗಾಗಿದೆ, ಕ್ಲೋರಿನ್ ಕಿಟ್ ಏನು ತೋರಿಸಿತು ಎಂದು ಬರೆದು, ಆ ಎರಡು ಬಾಟಲಿಗಳನ್ನೂ ಜೊತೆಗೆ ಒಯ್ಯಿರಿ.

— ಸಂಪಾದಕ